ಫಿರಂಗಿಗೆಂದು ಕಟ್ಟಿದ ಗೋಡೆ

ಶ್ರೀಲಂಕಾದ ಗಾಲೆಯಲ್ಲಿ ನಡೆದ ಟೆಸ್ಟ್ ಮ್ಯಾಚ್ ನೋಡಿದವರಿಗೆ ಆ ಗೋಡೆ ಗೊತ್ತಿರುತ್ತದೆ. ಮೈದಾನದ ಪಕ್ಕದಲ್ಲೇ ಎದ್ದು ನಿಂತ, ಮಳೆಗೆ ಕಪ್ಪಾದ ಕೋಟೆ. ಎಷ್ಟೋ ಜನ ಅದರ ಮೇಲೇರಿ ಆಟ ನೋಡುತ್ತಾರೆ. 2010ರಲ್ಲಿ ಮುರಳೀಧರನ್ 800ನೇ ವಿಕೆಟ್ ತೆಗೆದದ್ದು ಇಲ್ಲೇ. ನಮ್ಮ ಅಭಿಮನ್ಯು ಮಿಥುನ್ ಮೊದಲ ಟೆಸ್ಟ್ ಆಡಿದ್ದೂ ಅದೇ ಪಂದ್ಯದಲ್ಲಿ. ಕ್ಯಾಮೆರಾ ಕೋಟೆಯತ್ತ ತಿರುಗಿದರೆ ಸಾಕು, ನನಗೆ ಸ್ಕೋರು ಮರೆತುಹೋಗುತ್ತದೆ.

ಹಳೇ ಗಾಲೆ ಇರುವುದು ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ. 1588ರ ಸುಮಾರಿಗೆ ಪೋರ್ಚುಗೀಸರು ನೆಲದ ಕಡೆಗೆ ಮಾತ್ರ ಗೋಡೆ ಎತ್ತಿ ಕಂದಕ ತೋಡಿದರು. ಉಳಿದದ್ದನ್ನು ಕಡಲೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ. 1640ರಲ್ಲಿ ಡಚ್ಚರು ಕ್ಯಾಂಡಿಯ ರಾಜನ ಜೊತೆ ಸೇರಿ ಊರನ್ನು ಕಿತ್ತುಕೊಂಡರು. ಕಿತ್ತುಕೊಂಡವರಿಗೆ ಭಯ ಜಾಸ್ತಿ ಅಲ್ವಾ? 1663ರಿಂದ ಸಮುದ್ರದ ಕಡೆಗೂ ಗೋಡೆ ಕಟ್ಟತೊಡಗಿದರು. ಅದು ಮುಗಿದದ್ದು 1729ರಲ್ಲಿ. ಒಟ್ಟು 14 ಕೊತ್ತಲಗಳು. ನೆಲದ ಕಡೆಯ ಮೂರಕ್ಕೆ ಸೂರ್ಯ, ಚಂದ್ರ, ನಕ್ಷತ್ರ ಎಂದು ಹೆಸರಿಟ್ಟರು.

ಫಿರಂಗಿ ಬಂದ ಮೇಲೆ ಎತ್ತರದ ತೆಳು ಗೋಡೆಗೆ ಬೆಲೆ ಉಳಿಯಲಿಲ್ಲ. ಗುಂಡು ಬಿದ್ದರೆ ಗೋಡೆ ಬಿರಿದು ಉರುಳುತ್ತಿತ್ತು. ಹಾಗಾಗಿ ಗಿಡ್ಡಗೆ, ತುಂಬಾ ದಪ್ಪಗೆ ಕಟ್ಟಿ, ಕಲ್ಲಿನ ಹಿಂದೆ ಮಣ್ಣು ತುಂಬುವ ಪದ್ಧತಿ ಬಂತು. ಗುಂಡಿನ ಏಟನ್ನು ಮಣ್ಣು ನುಂಗಿಕೊಳ್ಳುತ್ತದೆ.

ಗಾಲೆಯ ಗೋಡೆಯಲ್ಲಿ ಗಟ್ಟಿ ಕಲ್ಲಿನ ಜೊತೆ ಹವಳವೂ ಇದೆ. ಹವಳ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಹವಳದಿಂದಲೂ ಹಾಗೇ ಮಾಡಬಹುದು. ಸುಮಾರು 900 ಡಿಗ್ರಿ ಕಾವಿನಲ್ಲಿ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು, ಮರಳು ಸೇರಿಸಿ ಗಾರೆ ಮಾಡಿ ಹಚ್ಚಿದರೆ ಅದು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ವಾಪಸ್ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಗೋಡೆ ಕಲ್ಲಾಗುತ್ತಲೇ ಇರುತ್ತದೆ.

ನನಗೆ ಗೋಡೆಗಿಂತ ಇಷ್ಟ ಅದರೊಳಗಿನ ಊರಿನ ಚರಂಡಿ! ಡಚ್ಚರು ನೆಲದಡಿ ಕಾಲುವೆಗಳನ್ನು ಮಾಡಿ, ಉಬ್ಬರದ ಹೊತ್ತಿಗೆ ಸಮುದ್ರದ ನೀರು ನುಗ್ಗಿ ಕೊಳೆ ತೊಳೆಯುವಂತೆ ಮಾಡಿದ್ದರು. ಅಲ್ಲಿ ಉಬ್ಬರ ಇಳಿತದ ಅಂತರ ಒಂದು ಮೀಟರ್ ಕೂಡ ಇಲ್ಲ. ಅಷ್ಟರಲ್ಲೇ ಕೆಲಸ ಆಗಬೇಕಾದರೆ ಇಳಿಜಾರಿನ ಲೆಕ್ಕ ತಪ್ಪುವ ಹಾಗಿಲ್ಲ. ನೀರೆತ್ತಲು ಒಂದು ಕೊತ್ತಲದ ಮೇಲೆ ಗಾಳಿಯಂತ್ರವೂ ಇತ್ತು.

ಚರಂಡಿ ಎಂದಾಗ ನೆನಪಾಯಿತು. 1911ರಲ್ಲಿ ಗಾಲೆಯ ಒಂದು ಮೋರಿಯ ಮೇಲೆ ಮುಚ್ಚಳವಾಗಿದ್ದ ಚಪ್ಪಡಿಯಲ್ಲಿ ಬರಹ ಕಂಡಿತು. ಚೀನಾದ ನೌಕಾಧಿಪತಿ ಝೆಂಗ್ ಹೆ ತಂದ, 1409ರ ತಾರೀಖಿನ ಶಾಸನ ಅದು. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಕಾಣಿಕೆ ಬರೆಸಿದ್ದಾರೆ. ಈಗ ಕೊಲಂಬೊ ಮ್ಯೂಸಿಯಂನಲ್ಲಿದೆ.

ಇಷ್ಟೆಲ್ಲ ಕಟ್ಟಿದ ಕೋಟೆ 1796ರಲ್ಲಿ ಹೋರಾಟವಿಲ್ಲದೆ ಬ್ರಿಟಿಷರ ಕೈಗೆ ಹೋಯಿತು. ಗೋಡೆಯ ನಿಜವಾದ ಪರೀಕ್ಷೆ ನಡೆದದ್ದು 2004ರ ಡಿಸೆಂಬರ್ 26ರಂದು. ಸುನಾಮಿ ಹೊಸ ಊರಿನ ಬಸ್ ನಿಲ್ದಾಣವನ್ನೂ ಕ್ರಿಕೆಟ್ ಮೈದಾನವನ್ನೂ ನುಂಗಿತು. ಕೋಟೆಯೊಳಗಿನ ಊರು ಬಹುಪಾಲು ಉಳಿಯಿತು. ಸುನಾಮಿ ಒಮ್ಮೆ ಬಡಿದು ಸರಿಯುವ ಅಲೆಯಲ್ಲ, ನಿಮಿಷಗಟ್ಟಲೆ ಒತ್ತುತ್ತಲೇ ಇರುವ ನೀರು. ಅದರ ಎದುರು ಬೇಕಾದದ್ದು ತೂಕ. ಫಿರಂಗಿಗೆಂದು ತುಂಬಿದ ಮಣ್ಣು ಆ ತೂಕ ಕೊಟ್ಟಿತ್ತು. ಬಂಡೆಯ ಎತ್ತರವೂ ನೆರವಾಯಿತು.

ಅದೇ ಕರಾವಳಿಯ ಹಿಕ್ಕಡುವದಲ್ಲಿ ಕೋಟೆ ಇರಲಿಲ್ಲ, ಕಡಲೊಳಗೆ ಜೀವಂತ ಹವಳದ ದಿಬ್ಬ ಇತ್ತು. ಅಲ್ಲಿ ನೀರು ಸುಮಾರು 50 ಮೀಟರ್ ಒಳಗೆ ಬಂದು ನಿಂತಿತು. ಕೆಲವೇ ಕಿಲೋಮೀಟರ್ ದೂರದ ಪೆರಾಲಿಯದಲ್ಲಿ ಒಂದೂವರೆ ಕಿಲೋಮೀಟರ್ ಒಳನುಗ್ಗಿ, ಸಾವಿರಕ್ಕೂ ಹೆಚ್ಚು ಜನರಿದ್ದ ರೈಲನ್ನೇ ಕೊಚ್ಚಿಕೊಂಡು ಹೋಯಿತು. ಕಡಲ ತಳದ ಆಕಾರವೂ ಇದಕ್ಕೆ ಕಾರಣ ಇರಬಹುದು. ಆದರೆ ಪೆರಾಲಿಯದ ಹವಳವನ್ನು ಅಷ್ಟರಲ್ಲಾಗಲೇ ಅಗೆದು ಸುಣ್ಣದ ಗೂಡಿಗೆ ಹಾಕಿದ್ದರು.