ಹೆಬ್ರಾನ್: ನಿಂತು ನೋಡುವವರ ಮೂವತ್ತು ವರ್ಷ

ಶಾಲೆ ತೆರೆದಿರುವ ದಿನಗಳಲ್ಲಿ, ಬೆಳಿಗ್ಗೆ ಏಳರ ಹೊತ್ತಿಗೆ, ಹೆಬ್ರಾನ್ ನಗರದ ಕೆಲವು ಚೆಕ್‌ಪೋಸ್ಟ್‌ಗಳ ಬಳಿ ಇಬ್ಬರು ಮೂವರು ನಿಂತು ಲೆಕ್ಕ ಬರೆದುಕೊಳ್ಳುವುದು ಅಲ್ಲಿನ ಜನರಿಗೆ ಬಹುಕಾಲ ಪರಿಚಿತವಾಗಿದ್ದ ನೋಟ. ಕಬ್ಬಿಣದ ತಿರುಗುಗೇಟನ್ನು ದಾಟಿದ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಯಾರ ಚೀಲ ತೆರೆಸಿದರು, ಯಾರನ್ನು ಎಷ್ಟು ಹೊತ್ತು ತಡೆದು ನಿಲ್ಲಿಸಿದರು, ಕಲ್ಲು ತೂರಾಟವಾಯಿತೇ, ಅಶ್ರುವಾಯು ಶೆಲ್ ಎಷ್ಟು ಸಿಡಿದವು ಎಂಬ ವಿವರಗಳೆಲ್ಲ ಆ ಪುಸ್ತಕಕ್ಕೆ ಸೇರುತ್ತಿದ್ದವು. ಹಾಗೆ ನಿಂತವರ ಬಳಿ ಆಯುಧವಿರಲಿಲ್ಲ, ಯಾರನ್ನೂ ತಡೆಯುವ ಅಧಿಕಾರವೂ ಇರಲಿಲ್ಲ. ಎಷ್ಟೋ ದಿನ ಬರೆಯುವಂಥದ್ದೇನೂ ನಡೆಯದೆ ಶಾಲೆಯ ಗಂಟೆ ಬಾರಿಸುತ್ತಿತ್ತು.

ಇಷ್ಟು ಸಾಧಾರಣವಾಗಿ ಕಾಣುವ ಈ ಕೆಲಸದ ಸುತ್ತ ಮೂರು ದಶಕಗಳ ಜಗ್ಗಾಟವಿದೆ. ಯಾರು ನೋಡಬಹುದು, ಕಂಡದ್ದನ್ನು ಯಾರಿಗೆ ಹೇಳಬಹುದು ಎಂಬುದೇ ಆ ಜಗ್ಗಾಟದ ತಿರುಳು. ಅದು ಅರ್ಥವಾಗಬೇಕಾದರೆ ಮೊದಲು ಊರನ್ನು ಅರಿಯಬೇಕು.

ಹೆಬ್ರಾನ್ ಜೆರುಸಲೇಮಿನ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಅರಬ್ಬರು ಇದನ್ನು ಅಲ್-ಖಲೀಲ್ ಎನ್ನುತ್ತಾರೆ. ಯಹೂದಿಯರು ಮತ್ತು ಮುಸ್ಲಿಮರು ಇಬ್ಬರಿಗೂ ಮೂಲಪುರುಷನಾದ ಅಬ್ರಹಾಮನ ಸಮಾಧಿ ಇಲ್ಲಿದೆ ಎಂಬ ನಂಬಿಕೆಯಿಂದ ಊರಿಗೆ ಪಾವಿತ್ರ್ಯ ಬಂದಿದೆ. ಅದೇ ನಂಬಿಕೆ ಊರಿನ ಜಗಳಕ್ಕೂ ಕೇಂದ್ರವಾಗಿದೆ. ಶತಮಾನಗಳ ಕಾಲ ಇಲ್ಲಿ ಯಹೂದಿ ಸಮುದಾಯವೊಂದು ಬದುಕಿತ್ತು. 1929ರ ಆಗಸ್ಟ್‌ನಲ್ಲಿ ಅರಬ್ ಗುಂಪುಗಳು 67 ಯಹೂದಿಯರನ್ನು ಕೊಂದವು. ಅರಬ್ ನೆರೆಹೊರೆಯವರು ಅನೇಕರನ್ನು ತಮ್ಮ ಮನೆಗಳಲ್ಲಿ ಅಡಗಿಸಿ ಉಳಿಸಿದರು. ಬದುಕುಳಿದವರನ್ನು ಬ್ರಿಟಿಷ್ ಆಡಳಿತ ಊರಿನಿಂದ ಸಾಗಿಸಿತು. ಹೆಬ್ರಾನ್‌ನ ಕಥೆ ಹೇಳುವ ಪ್ರತಿಯೊಬ್ಬರೂ ತಮಗೆ ಬೇಕಾದ ಇಸವಿಯಿಂದ ಕಥೆ ಶುರುಮಾಡುತ್ತಾರೆ. 1929ನ್ನು ಬಿಟ್ಟರೂ ಅನ್ಯಾಯ, ಅಲ್ಲಿಗೇ ನಿಲ್ಲಿಸಿದರೂ ಅನ್ಯಾಯ.

1967ರ ಯುದ್ಧದಲ್ಲಿ ಇಸ್ರೇಲ್ ಹೆಬ್ರಾನ್ ಸೇರಿದಂತೆ ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯನ್ ಪ್ರದೇಶವನ್ನು ವಶಪಡಿಸಿಕೊಂಡಿತು. ಮರುವರ್ಷ ಯಹೂದಿಯರ ಪಾಸೋವರ್ ಹಬ್ಬದ ನೆಪದಲ್ಲಿ ಹೆಬ್ರಾನ್‌ನ ಹೋಟೆಲೊಂದಕ್ಕೆ ಬಂದಿಳಿದ ರಬ್ಬಿ ಮೋಶೆ ಲೆವಿಂಗರ್ ಮತ್ತು ಸಂಗಡಿಗರು ಹಬ್ಬ ಮುಗಿದರೂ ಹೊರಡಲು ಒಪ್ಪಲಿಲ್ಲ. ಸರ್ಕಾರ ಅವರನ್ನು ಸೇನಾ ನೆಲೆಯೊಂದಕ್ಕೆ ಸ್ಥಳಾಂತರಿಸಿತು, ಬಳಿಕ ನಗರದ ಅಂಚಿನಲ್ಲಿ ಕಿರ್ಯತ್ ಅರ್ಬಾ ಎಂಬ ವಸಾಹತು, ಅಂದರೆ ವಶಪಡಿಸಿಕೊಂಡ ನೆಲದಲ್ಲಿ ಇಸ್ರೇಲಿ ಯಹೂದಿಯರ ನೆಲೆ, ಎದ್ದಿತು. 1979ರಲ್ಲಿ ಅಲ್ಲಿಂದ ಕೆಲವು ಮಹಿಳೆಯರು ಮಕ್ಕಳೊಂದಿಗೆ ನಗರದ ನಡುವಿನ ಬೇತ್ ಹದಸ್ಸಾ ಕಟ್ಟಡವನ್ನು ಹೊಕ್ಕು ಕುಳಿತರು. 1980ರಲ್ಲಿ ಅದೇ ಕಟ್ಟಡದೆದುರು ಪ್ಯಾಲೆಸ್ಟೀನಿಯನ್ ದಾಳಿಯಲ್ಲಿ ಆರು ಯಹೂದಿಯರು ಸತ್ತ ಮೇಲೆ ಸರ್ಕಾರವೇ ನಗರದೊಳಗಿನ ವಸಾಹತಿಗೆ ಒಪ್ಪಿಗೆ ನೀಡಿತು. ಪಶ್ಚಿಮ ದಂಡೆಯ ಬೇರೆಡೆ ವಸಾಹತುಗಳು ಊರ ಹೊರಗಿನ ಗುಡ್ಡಗಳ ಮೇಲಿದ್ದರೆ ಹೆಬ್ರಾನ್‌ನಲ್ಲಿ ಅವು ಸಂತೆಬೀದಿಯ ಮಗ್ಗುಲಲ್ಲೇ ಇವೆ. ಗೋಡೆಗೆ ಗೋಡೆ ತಾಗಿಸಿಕೊಂಡ ಈ ಬದುಕಿನ ಕಾವಲಿಗೆ ಸೇನೆ ಬಂತು, ಸೇನೆಯ ಹಿಂದೆಯೇ ಚೆಕ್‌ಪೋಸ್ಟ್‌ಗಳು ಬಂದವು.

1994ರ ಫೆಬ್ರವರಿ 25, ರಂಜಾನ್ ತಿಂಗಳ ಶುಕ್ರವಾರ. ಕಿರ್ಯತ್ ಅರ್ಬಾದ ವೈದ್ಯ ಬರೂಖ್ ಗೋಲ್ಡ್‌ಸ್ಟೈನ್, ಅಬ್ರಹಾಮನ ಸಮಾಧಿಯಿದೆ ಎಂದು ನಂಬಲಾದ ಇಬ್ರಾಹಿಮಿ ಮಸೀದಿಯಲ್ಲಿ ನಮಾಜಿಗೆ ಬಾಗಿದ್ದವರ ಮೇಲೆ ಗುಂಡಿನ ಮಳೆಗರೆದು 29 ಜನರನ್ನು ಕೊಂದ. ಆಮೇಲೆ ನಡೆದದ್ದು ಇಂದಿಗೂ ಹೆಬ್ರಾನ್‌ನ ಜನರ ಎದೆಯಲ್ಲಿ ಕುದಿಯುತ್ತಿದೆ: ಹತ್ಯೆಗೊಳಗಾದ ಸಮುದಾಯದ ಮೇಲೆಯೇ ಕರ್ಫ್ಯೂ ಬಿತ್ತು, ಅವರ ಮುಖ್ಯ ವ್ಯಾಪಾರದ ಬೀದಿಯಾದ ಶುಹದಾ ರಸ್ತೆ ಹಂತ ಹಂತವಾಗಿ ಮುಚ್ಚಿತು, ಮಸೀದಿಯನ್ನು ಎರಡು ಭಾಗ ಮಾಡಿ ಒಂದನ್ನು ಯಹೂದಿ ಪ್ರಾರ್ಥನೆಗೆ ಕೊಡಲಾಯಿತು.

ಹೊರಗಿನ ಕಣ್ಣುಗಳು ಅಧಿಕೃತವಾಗಿ ಹೆಬ್ರಾನ್‌ಗೆ ಬಂದದ್ದು ಈ ಹತ್ಯಾಕಾಂಡದಿಂದಾಗಿಯೇ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1994ರ ಮಾರ್ಚ್‌ನಲ್ಲಿ 904ನೆಯ ನಿರ್ಣಯದ ಮೂಲಕ ತಾತ್ಕಾಲಿಕ ಅಂತರರಾಷ್ಟ್ರೀಯ ಉಪಸ್ಥಿತಿಗೆ ಕರೆ ಕೊಟ್ಟಿತು. ಟಿಪ್ ಎಂದು ಹೆಸರಾದ ಆ ವೀಕ್ಷಕ ಪಡೆ ಮೊದಲ ಸಲ ಮೂರು ತಿಂಗಳು ಮಾತ್ರ ಇತ್ತು. 1997ರ ಜನವರಿಯ ಹೆಬ್ರಾನ್ ಒಪ್ಪಂದ ನಗರವನ್ನು ಅಧಿಕೃತವಾಗಿ ಸೀಳಿತು. ಶೇಕಡ 80ರಷ್ಟು ಭಾಗ ಎಚ್1 ಎಂಬ ಹೆಸರಿನಲ್ಲಿ ಪ್ಯಾಲೆಸ್ಟೀನಿಯನ್ನರ ಸ್ವಯಮಾಡಳಿತ ಸಂಸ್ಥೆಯಾದ ಪ್ಯಾಲೆಸ್ಟೀನಿಯನ್ ಪ್ರಾಧಿಕಾರದ ಪಾಲಾಯಿತು. ಹಳೆಯ ಊರು ಮತ್ತು ಮಸೀದಿ ಸೇರಿದ ಉಳಿದ ಭಾಗ ಎಚ್2 ಎಂಬ ಹೆಸರಿನಲ್ಲಿ ಇಸ್ರೇಲಿ ಸೇನೆಯ ಹತೋಟಿಯಲ್ಲಿ ಉಳಿಯಿತು. ಅಲ್ಲಿ ಸುಮಾರು 35,000 ಪ್ಯಾಲೆಸ್ಟೀನಿಯನ್ನರು ಮತ್ತು ಕೆಲವು ನೂರು ವಸಾಹತುಗಾರರು ವಾಸಿಸುತ್ತಾರೆ. ವಸಾಹತುಗಾರರಿಗೆ ಇಸ್ರೇಲಿನ ನಾಗರಿಕ ಕಾನೂನು, ಪಕ್ಕದ ಮನೆಯ ಪ್ಯಾಲೆಸ್ಟೀನಿಯನ್ನರಿಗೆ ಸೇನಾ ಕಾನೂನು.

ನಾರ್ವೆ, ಡೆನ್ಮಾರ್ಕ್, ಸ್ವೀಡನ್, ಸ್ವಿಟ್ಜರ್‌ಲ್ಯಾಂಡ್, ಇಟಲಿ, ಟರ್ಕಿ ದೇಶಗಳ ಜನರಿದ್ದ ಟಿಪ್ 1997ರಲ್ಲಿ ಮತ್ತೆ ನೆಲೆಗೊಂಡು 22 ವರ್ಷ ಬೀದಿ ಸುತ್ತಿ ವರದಿ ಬರೆಯಿತು. ಆದರೆ ಅದರ ಬಾಯಿಗೆ ಒಪ್ಪಂದವೇ ಬೀಗ ಹಾಕಿತ್ತು. ವರದಿಗಳು ಇಸ್ರೇಲ್, ಪ್ಯಾಲೆಸ್ಟೀನಿಯನ್ ಪ್ರಾಧಿಕಾರ ಮತ್ತು ಆ ಆರು ದೇಶಗಳಿಗೆ ಮಾತ್ರ ತಲುಪುತ್ತಿದ್ದವು. ಯಾರ ಅಂಗಳದಲ್ಲಿ ಘಟನೆ ನಡೆಯಿತೋ ಆ ಮನೆಯವರೇ ಅದರ ವರದಿಯನ್ನು ಓದುವಂತಿರಲಿಲ್ಲ. ನನ್ನ ಮಟ್ಟಿಗೆ ಇಡೀ ಏರ್ಪಾಡಿನ ದೊಡ್ಡ ಕೊರತೆ ಇದೇ. ಹಾಗೆಂದು ಅಲ್ಲಿ ದುಡಿದವರನ್ನು ಹಗುರವಾಗಿ ಕಾಣಲಾಗದು. 2002ರಲ್ಲಿ ಹೆಬ್ರಾನ್ ಸಮೀಪ ಅವರ ಕಾರಿನ ಮೇಲೆ ಗುಂಡು ಹಾರಿ ಇಬ್ಬರು ವೀಕ್ಷಕರು ಪ್ರಾಣ ಕಳೆದುಕೊಂಡರು.

ಬೀಗವಿಲ್ಲದ ಬಾಯಿಯವರು ಬೇರೆ ದಾರಿಯಲ್ಲಿ ಬಂದರು. ಅಮೆರಿಕದ ಮೆನ್ನೊನೈಟ್, ಬ್ರೆದರನ್, ಕ್ವೇಕರ್ ಪಂಥಗಳ ಶಾಂತಿವಾದಿಗಳು ಎಂಬತ್ತರ ದಶಕದಲ್ಲಿ ಕಟ್ಟಿದ ಕ್ರಿಶ್ಚಿಯನ್ ಪೀಸ್‌ಮೇಕರ್ ಟೀಮ್ಸ್ ಸಂಘಟನೆ, ನಗರದ ಮೇಯರ್ ಕರೆದ ಮೇಲೆ, 1995ರಲ್ಲಿ ಹಳೆಯ ಊರಿನಲ್ಲೇ ಬಾಡಿಗೆ ಮನೆ ಹಿಡಿಯಿತು. ಕೆಂಪು ಟೋಪಿ ಇವರ ಗುರುತು. ಸಂತೆಬೀದಿಯಲ್ಲಿ ಬದುಕಿ, ಕಂಡದ್ದನ್ನು ಬಹಿರಂಗವಾಗಿ ಬರೆದು, ಮಕ್ಕಳ ಜೊತೆ ಶಾಲೆಯ ತನಕ ನಡೆಯುವುದು ಇವರ ರೀತಿ. ಪ್ಯಾಲೆಸ್ಟೀನಿಯನ್ನರ ಎರಡನೆಯ ದಂಗೆ, ಇಂತಿಫಾದಾ, ಶುರುವಾದ ಬಳಿಕ, 2001ರಲ್ಲಿ, ಮಖ್ಸೋಮ್ ವಾಚ್ ಎಂಬ ಹೆಸರಿನಲ್ಲಿ ಇಸ್ರೇಲಿ ಮಹಿಳೆಯರೇ ಚೆಕ್‌ಪೋಸ್ಟ್‌ಗಳಿಗೆ ಹೋಗಿ ನಿಲ್ಲತೊಡಗಿದರು. ಅವರಲ್ಲಿ ಅನೇಕರು ವಯಸ್ಸಾದವರು. ತಮ್ಮ ಮಕ್ಕಳು ಮೊಮ್ಮಕ್ಕಳ ವಯಸ್ಸಿನ ಸೈನಿಕರ ಎದುರು ನಿಂತು, ತಮ್ಮದೇ ದೇಶದ ಹೆಸರಿನಲ್ಲಿ ನಡೆಯುವುದನ್ನು ದಾಖಲಿಸಲು ಬೇಕಾದ ಗಟ್ಟಿತನ ಸಣ್ಣದಲ್ಲ. ಜೆರುಸಲೇಮಿನ ಚರ್ಚುಗಳ ಮನವಿಯಂತೆ ಜಾಗತಿಕ ಚರ್ಚ್ ಮಂಡಳಿಯೂ 2002ರಿಂದ ಮೂರು ಮೂರು ತಿಂಗಳ ಸರದಿಯಲ್ಲಿ ಸ್ವಯಂಸೇವಕರನ್ನು ಕಳಿಸಿತು.

ಆ ವರ್ಷಗಳು ಎರಡೂ ಕಡೆ ಭೀಕರವಾಗಿದ್ದವು. 2001ರಲ್ಲಿ ಪ್ಯಾಲೆಸ್ಟೀನಿಯನ್ ಬಂದೂಕುಧಾರಿಯೊಬ್ಬ ಎದುರಿನ ಗುಡ್ಡದಿಂದ ಹಾರಿಸಿದ ಗುಂಡಿಗೆ ವಸಾಹತಿನ ಹತ್ತು ತಿಂಗಳ ಹಸುಳೆ ಬಲಿಯಾಯಿತು. 2002ರ ನವೆಂಬರ್‌ನ ಹೊಂಚುದಾಳಿಯಲ್ಲಿ 12 ಇಸ್ರೇಲಿಗಳು ಸತ್ತರು. ಇತ್ತ ಇಸ್ರೇಲಿನ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್‌ನ ಲೆಕ್ಕದಂತೆ, ಇಂತಿಫಾದಾದ ಮೊದಲ ಮೂರು ವರ್ಷಗಳಲ್ಲಿ ನಗರದ ಕೇಂದ್ರದ ಪ್ಯಾಲೆಸ್ಟೀನಿಯನ್ನರು 377ಕ್ಕೂ ಹೆಚ್ಚು ದಿನ ಕರ್ಫ್ಯೂನಲ್ಲಿ ಕಳೆದರು. ಅದರಲ್ಲಿ 182 ದಿನ ಬಹುತೇಕ ಎಡೆಬಿಡದೆ. 2007ರ ಹೊತ್ತಿಗೆ ಅಲ್ಲಿ 1,014 ಮನೆಗಳು ಬರಿದಾಗಿದ್ದವು, 1,829 ಅಂಗಡಿ ಮುಂಗಟ್ಟುಗಳು ಬಾಗಿಲು ಹಾಕಿದ್ದವು. ಮೇಲಿನ ಮನೆಗಳ ವಸಾಹತುಗಾರರು ಎಸೆಯುವ ಕಸ, ಕಲ್ಲು ತಲೆಯ ಮೇಲೆ ಬೀಳದಂತೆ ಹಳೆಯ ಸಂತೆಬೀದಿಯ ಮೇಲೆ ತಂತಿಬಲೆ ಹಾಸಲಾಗಿದೆ.

ನಿಂತು ನೋಡುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ 2004ರ ಒಂದು ಪ್ರಸಂಗ ಉತ್ತರವಾದೀತು. ಹೆಬ್ರಾನ್‌ನ ದಕ್ಷಿಣದ ಗುಡ್ಡಗಳಲ್ಲಿ ಅತ್-ತುವಾನಿ ಎಂಬ ಹಳ್ಳಿಯ ಶಾಲೆಗೆ ಪಕ್ಕದ ತೂಬಾದ ಮಕ್ಕಳು ವಸಾಹತೊಂದರ ಬದಿಯಲ್ಲೇ ನಡೆದು ಬರಬೇಕಿತ್ತು. ಅವರ ಜೊತೆ ನಡೆಯುತ್ತಿದ್ದ ಕೆಂಪು ಟೋಪಿಯ ಸ್ವಯಂಸೇವಕರ ಮೇಲೆ ಮುಸುಕುಧಾರಿಗಳು ಸರಪಳಿಗಳಿಂದ ದಾಳಿ ಮಾಡಿ, ಒಬ್ಬರ ಶ್ವಾಸಕೋಶಕ್ಕೆ ಪೆಟ್ಟಾಗುವಂತೆ, ಇನ್ನೊಬ್ಬರ ತೋಳು ಮುರಿಯುವಂತೆ ಹೊಡೆದರು. ಸುದ್ದಿ ಹರಡಿ ಇಸ್ರೇಲಿ ಸಂಸತ್ತಿನ ಮಕ್ಕಳ ಹಕ್ಕುಗಳ ಸಮಿತಿ ಮಧ್ಯೆ ಬಂತು, ಆ ಮಕ್ಕಳಿಗೆ ಸೇನೆಯೇ ಬೆಂಗಾವಲು ಕೊಡುವ ಏರ್ಪಾಡಾಯಿತು. ಮುಂದೆ ಬೆಂಗಾವಲು ಜೀಪು ಹೊತ್ತಿಗೆ ಸರಿಯಾಗಿ ಬಂತೇ, ಕೊನೆಯ ತನಕ ಹೋಯಿತೇ ಎಂಬುದನ್ನು ಬರೆದಿಡುವುದೂ ಸ್ವಯಂಸೇವಕರ ಕೆಲಸವಾಯಿತು. ವಸಾಹತು ಅಲ್ಲೇ ಉಳಿಯಿತು, ಆದರೆ ಮಕ್ಕಳು ಶಾಲೆಗೆ ಹೋದರು. ಈ ಕೆಲಸದ ಬಲ ಎಷ್ಟು, ಮಿತಿ ಎಷ್ಟು ಎಂಬುದೆರಡೂ ಇದರಲ್ಲಿ ಕಾಣುತ್ತದೆ.

2007ರಿಂದ ಬೆತ್ಸೆಲೆಮ್ ಸ್ಥಳೀಯ ಕುಟುಂಬಗಳಿಗೇ ವಿಡಿಯೊ ಕ್ಯಾಮೆರಾ ಹಂಚಿದ್ದು ದೊಡ್ಡ ತಿರುವು. ಅಲ್ಲಿಯವರೆಗೆ ನೋಡಲ್ಪಡುತ್ತಿದ್ದವರು ಈಗ ತಾವೇ ನೋಡುವವರಾದರು. 2016ರ ಮಾರ್ಚ್ 24ರಂದು ಎಚ್2ರ ತೆಲ್ ರುಮೇದಾ ಬಡಾವಣೆಯಲ್ಲಿ ಇಬ್ಬರು ಪ್ಯಾಲೆಸ್ಟೀನಿಯನ್ನರು ಸೈನಿಕನೊಬ್ಬನಿಗೆ ಚಾಕುವಿನಿಂದ ಇರಿದರು. ಗುಂಡೇಟು ತಿಂದು ನೆಲದಲ್ಲಿ ಅಲುಗಾಡಲಾಗದೆ ಬಿದ್ದಿದ್ದ ಅವರಲ್ಲೊಬ್ಬನ ತಲೆಗೆ ಸೈನಿಕ ಎಲೋರ್ ಅಜಾರಿಯಾ ಗುಂಡು ಹೊಡೆದ. ನೆರೆಯ ಸ್ವಯಂಸೇವಕರೊಬ್ಬರ ಕ್ಯಾಮೆರಾದಲ್ಲಿ ಅದು ದಾಖಲಾಗದೆ ಹೋಗಿದ್ದರೆ ವಿಚಾರಣೆ ನಡೆಯುತ್ತಿತ್ತೆಂದು ನಾನು ನಂಬಲಾರೆ. ಅಪರಾಧ ಸಾಬೀತಾಗಿ 18 ತಿಂಗಳ ಶಿಕ್ಷೆಯಾಯಿತು, ಅದು 14ಕ್ಕೆ ಇಳಿಯಿತು, ಅವನು ಅನುಭವಿಸಿದ್ದು ಒಂಬತ್ತು ತಿಂಗಳು.

ನೋಡುವವರನ್ನು ದೂರವಿಡುವ ಯತ್ನವೂ ಜೊತೆಯಲ್ಲೇ ಬಲಿಯಿತು. 2015ರ ಕೊನೆಯಲ್ಲಿ ತೆಲ್ ರುಮೇದಾವನ್ನು ಮುಚ್ಚಿದ ಸೇನಾ ವಲಯವೆಂದು ಘೋಷಿಸಿ, ನಿವಾಸಿಗಳಿಗೆ ಸಂಖ್ಯೆ ಕೊಟ್ಟು, ಪಟ್ಟಿಯಲ್ಲಿಲ್ಲದವರನ್ನು ಒಳಗೆ ಬಿಡದಂತೆ ಮಾಡಲಾಯಿತು. 2018ರಲ್ಲಿ ಟಿಪ್ ವೀಕ್ಷಕನೊಬ್ಬ ವಸಾಹತಿನ ಬಾಲಕನ ಕೆನ್ನೆಗೆ ಹೊಡೆದ ದೃಶ್ಯ ಹೊರಬಿತ್ತು. ಆ ತಪ್ಪನ್ನು ಯಾರೂ ಸಮರ್ಥಿಸಲಾಗದು. ಅದೇ ಡಿಸೆಂಬರ್‌ನಲ್ಲಿ, ಸುಮಾರು 40,000 ಘಟನಾ ವರದಿಗಳನ್ನು ಆಧರಿಸಿದ ಟಿಪ್‌ನ ಗೋಪ್ಯ ವರದಿಯ ತಿರುಳನ್ನು ಇಸ್ರೇಲಿ ಪತ್ರಿಕೆ ಹಾರೆಟ್ಜ್ ಪ್ರಕಟಿಸಿತು. ಎಚ್2ರ ನಿವಾಸಿಗಳ ವಿಷಯದಲ್ಲಿ ಇಸ್ರೇಲ್ ಅಂತರರಾಷ್ಟ್ರೀಯ ಕಾನೂನನ್ನು ನಿಯಮಿತವಾಗಿ ಮೀರುತ್ತಿದೆ ಎಂಬುದು ಅದರ ಸಾರ. 2019ರ ಜನವರಿ ಕೊನೆಗೆ, ತನ್ನ ವಿರುದ್ಧ ನಡೆಯುವ ಪಡೆಯನ್ನು ಸಹಿಸಲಾಗದೆಂದು ಹೇಳಿ ಪ್ರಧಾನಿ ನೆತನ್ಯಾಹು ಅದರ ಅವಧಿ ನವೀಕರಿಸಲಿಲ್ಲ. ವಿಷಾದ ಸೂಚಿಸುವ ಭದ್ರತಾ ಮಂಡಳಿಯ ಹೇಳಿಕೆಯನ್ನು ಅಮೆರಿಕ ತಡೆಯಿತು. ಅದೇ ದಿನಗಳಲ್ಲಿ, ಕಿರುಕುಳ ಮಿತಿಮೀರಿದ್ದರಿಂದ ಚರ್ಚ್ ಮಂಡಳಿಯ ಸ್ವಯಂಸೇವಕರೂ ಹೆಬ್ರಾನ್ ಬಿಟ್ಟರು.

ಹೊರಗಿನ ಕಣ್ಣುಗಳು ಕಡಿಮೆಯಾದಂತೆ ಕಂಬಗಳ ಮೇಲಿನ ಕಣ್ಣುಗಳು ಹೆಚ್ಚಿದವು. ಪ್ಯಾಲೆಸ್ಟೀನಿಯನ್ನರ ಮುಖಚಿತ್ರ ಸಂಗ್ರಹಿಸುವ ಬ್ಲೂ ವುಲ್ಫ್ ಎಂಬ ಮೊಬೈಲ್ ವ್ಯವಸ್ಥೆಯನ್ನು ಸೈನಿಕರು ಹೆಬ್ರಾನ್‌ನಲ್ಲಿ ಬಳಸುತ್ತಿರುವುದು 2021ರಲ್ಲಿ ಬೆಳಕಿಗೆ ಬಂತು. ಚೆಕ್‌ಪೋಸ್ಟ್‌ನಲ್ಲೇ ಮುಖ ಗುರುತಿಸುವ ರೆಡ್ ವುಲ್ಫ್ ಕುರಿತು 2023ರಲ್ಲಿ ಆಮ್ನೆಸ್ಟಿ ವರದಿ ಮಾಡಿತು. ಆ ವರ್ಷದ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಎಚ್2ರ ಹಲವು ಬಡಾವಣೆಗಳ ಜನ ವಾರಗಟ್ಟಲೆ ಮನೆಯೊಳಗೇ ಉಳಿಯಬೇಕಾಯಿತು. ಸಡಿಲಿಕೆ ಬಂದಾಗಲೂ ವಾರದ ಮೂರು ದಿನ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ.

ಈಗ ಕಮ್ಯುನಿಟಿ ಪೀಸ್‌ಮೇಕರ್ ಟೀಮ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಕೆಂಪು ಟೋಪಿಯ ತಂಡದಲ್ಲಿ ಪ್ಯಾಲೆಸ್ಟೀನಿಯನ್ನರೂ ಇದ್ದಾರೆ. ನೋಡುವ ಹೊರೆ ಬಹುಪಾಲು ಊರಿನವರ ಹೆಗಲಿಗೇ ಬಿದ್ದಿದೆ. ಹೆಬ್ರಾನ್‌ನ ಹೋರಾಟಗಾರ ಇಸ್ಸಾ ಅಮ್ರೊ ಕಟ್ಟಿದ ಯೂತ್ ಅಗೇನ್‌ಸ್ಟ್ ಸೆಟಲ್‌ಮೆಂಟ್ಸ್ ತಂಡಕ್ಕೂ ಅವರಿಗೂ 2024ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದಕ್ಕೆ ಮೂರು ವರ್ಷ ಹಿಂದೆ ಸೇನಾ ನ್ಯಾಯಾಲಯ ಅವರನ್ನು ಅಪರಾಧಿಯೆಂದು ಘೋಷಿಸಿತ್ತು. ಸೇನೆಯ ಸಿಟ್ಟಿಗೆ ಗುರಿಯಾದ ವಿದೇಶಿ ಸ್ವಯಂಸೇವಕರನ್ನು ವಿಮಾನ ಹತ್ತಿಸಿ ಕಳಿಸಬಹುದು. ಫೋನ್ ಎತ್ತಿ ಹಿಡಿದ ಹೆಬ್ರಾನ್‌ನ ನಿವಾಸಿಗೆ ಕಾದಿರುವುದು ಸೇನಾ ನ್ಯಾಯಾಲಯ. ಅಲ್ಲಿಂದ ಬಿಡುಗಡೆಯಾದರೂ ಸಂಜೆ ಮನೆ ಸೇರಲು ಅವನು ಅದೇ ಚೆಕ್‌ಪೋಸ್ಟನ್ನು ದಾಟಬೇಕು.