ರಾಡು ಹಾಕಿದ ಕಾಲು ಮತ್ತೆ ಸೋರುವುದೇಕೆ?

ದೇವಿಮನೆ ಘಟ್ಟದಲ್ಲಿ ಬೈಕಿನಿಂದ ಬಿದ್ದೋ ಅಡಿಕೆ ಮರದಿಂದ ಜಾರಿಯೋ ಕಾಲು ಮುರಿದವರಿಗೆ ರಾಡು, ಪ್ಲೇಟು ಹಾಕುವುದು ಈಗ ಶಿರಸಿ, ಕಾರವಾರದಲ್ಲೇ ಆಗುತ್ತದೆ. ತೊಡಕು ಶುರುವಾಗುವುದು ಆಮೇಲೆ ಗಾಯಕ್ಕೆ ಸೋಂಕು ತಗುಲಿ ಕೀವು ಸೋರತೊಡಗಿದಾಗ. ಒಬ್ಬ ವೈದ್ಯರು ಮಾತ್ರೆ ಸಾಕೆನ್ನುತ್ತಾರೆ, ಇನ್ನೊಬ್ಬರು ರಾಡು ತೆಗೆಸಿ ಎನ್ನುತ್ತಾರೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಎಂದು ಮನೆಯವರು ತೀರ್ಮಾನಿಸುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ.

1865ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಚರ್ಮ ಸೀಳಿದ ಮುರಿತಕ್ಕೆ ಕ್ರಿಮಿನಾಶಕ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದಲ್ಲಿಂದ, ಪೆನಿಸಿಲಿನ್ ದಾಟಿ, 1958ರಲ್ಲಿ ಸ್ವಿಟ್ಜರ್ಲೆಂಡಿನ ಎ.ಒ. ಎಂಬ ಶಸ್ತ್ರವೈದ್ಯರ ಗುಂಪು ಪ್ಲೇಟು-ಸ್ಕ್ರೂಗಳಿಗೆ ಶಿಸ್ತು ತರುವತನಕ ಸುಮಾರು ನೂರು ವರ್ಷ. ಲೋಹ ಬಂದ ಮೇಲೆ ಸೋಂಕಿನ ಸ್ವಭಾವವೇ ಬದಲಾಯಿತು. ಬ್ಯಾಕ್ಟೀರಿಯಾಗಳು, ಅದರಲ್ಲೂ ಸ್ಟೆಫಿಲೋಕಾಕಸ್ ಆರಿಯಸ್, ಲೋಹಕ್ಕಂಟಿ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಹೊಳೆಕಲ್ಲಿನ ಪಾಚಿಯ ಹಾಗೆ ಅದು; ನೀರು ಹರಿದರೆ ಹೋಗದು, ಉಜ್ಜಬೇಕು.

ಮೊದಲ 2 ವಾರ ಪದರ ಎಳೆಯದು. ಆಗ ಗಾಯ ತೆರೆದು, ಸತ್ತ ಮಾಂಸ, ಎಲುಬು ಕೆರೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದರೆ ಪ್ಲೇಟು ಉಳಿಸಬಹುದು. ಆದರೆ ಮುರಿತ ಅಲುಗಾಡದಂತೆ ಬಿಗಿಯಾಗಿರಬೇಕು, ಮೇಲೆ ಮುಚ್ಚಲು ಆರೋಗ್ಯವಂತ ಚರ್ಮ ಬೇಕು. ಎಲುಬಿನ ಕೊಳವೆಯೊಳಗಿನ ರಾಡಿಗೆ ಈ ಅನುಕೂಲ ಕಡಿಮೆ, ಅದನ್ನಲ್ಲೇ ಇಟ್ಟು ಒಳಗೆ ಕೆರೆಯಲಾಗದು. 10 ವಾರ ದಾಟಿದರೆ ಲೋಹ ತೆಗೆಯುವುದೋ ಬದಲಿಸುವುದೋ ಬಹುಪಾಲು ಅನಿವಾರ್ಯ.

ಈ ನಡುವಿನ ವಾರಗಳನ್ನು ತಿನ್ನುವುದು ಯಾವ ಜೀವಿಯೆಂದು ಪರೀಕ್ಷಿಸಲು ಮಾದರಿ ತೆಗೆಯದೆ ಕೊಡುವ ಆಂಟಿಬಯೋಟಿಕ್ ಮಾತ್ರೆ. ಮೇಲ್ಮೈ ಒಣಗುತ್ತದೆ, ತಿಂಗಳಿಗೆ ಮತ್ತೆ ಸೋರುತ್ತದೆ, ಮಾತ್ರೆಯ ದೆಸೆಯಿಂದ ಲ್ಯಾಬಿನಲ್ಲಿ ಯಾವ ಜೀವಿಯೂ ಬೆಳೆಯುವುದಿಲ್ಲ. ಹೊರಗಿನ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸಿದರೂ ಸಿಗುವುದು ಹೆಚ್ಚಾಗಿ ಚರ್ಮದ ಮೇಲಿನ ಜೀವಿಗಳೇ. ಆಪರೇಷನ್ನಿನಲ್ಲಿ ಎಲುಬು, ಲೋಹದ ಪಕ್ಕದಿಂದ ಕನಿಷ್ಠ 5 ತುಣುಕು ತೆಗೆಯಬೇಕು. ಒಂದೊಂದಕ್ಕೂ ಬೇರೆ ಉಪಕರಣ, ಬೇರೆ ಡಬ್ಬಿ. ಎರಡು ತುಣುಕಿನಲ್ಲಾದರೂ ಅದೇ ಜೀವಿ ಬೆಳೆದರೆ ಸೋಂಕು ಖಚಿತವೆಂದು 2018ರಲ್ಲಿ ಪ್ರಕಟವಾದ ತಜ್ಞರ ಒಮ್ಮತ ಹೇಳುತ್ತದೆ. ಹಳೆಯ ಸೋಂಕಾಗಿದ್ದು ಜ್ವರವಿಲ್ಲದಿದ್ದರೆ ಈ ತುಣುಕು ತೆಗೆಯುವ 2 ವಾರ ಮೊದಲೇ ಆಂಟಿಬಯೋಟಿಕ್ ನಿಲ್ಲಿಸುತ್ತಾರೆ. ಜ್ವರ ಏರಿ ರೋಗಿ ಕುಸಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ.

ಮದ್ದು ಸಾಮಾನ್ಯವಾಗಿ ಲೋಹ ತೆಗೆದರೆ 6 ವಾರ, ಉಳಿಸಿದರೆ 12. ಅಷ್ಟೂ ದಿನ ಇಂಜೆಕ್ಷನ್ನೇ ಬೇಕೆಂಬ ನಂಬಿಕೆಯನ್ನು 2019ರಲ್ಲಿ ಪ್ರಕಟವಾದ ಎಲುಬು-ಕೀಲು ಸೋಂಕಿನ ಮೇಲಿನ ಬ್ರಿಟನ್ನಿನ ಓವಿವಾ ಅಧ್ಯಯನ ಸಡಿಲಿಸಿತು. ಸರಿಯಾಗಿ ಆರಿಸಿದ ಮಾತ್ರೆ ಇಂಜೆಕ್ಷನ್ನಿಗಿಂತ ಕಡಿಮೆಯಲ್ಲ. ಹೊನ್ನಾವರದ ರೋಗಿ ಮಣಿಪಾಲದಲ್ಲಿ ತಿಂಗಳುಗಟ್ಟಲೆ ಮಲಗಬೇಕಾಗಿಲ್ಲ ಎಂಬುದು ಸಣ್ಣ ಮಾತಲ್ಲ. ರಿಫಾಂಪಿಸಿನ್ ಎಂಬ ಆಂಟಿಬಯೋಟಿಕ್ ಮಾತ್ರ ಒಂಟಿಯಾಗಿ ಬೇಡ, ಜೀವಿ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ.

ದೊಡ್ಡಾಸ್ಪತ್ರೆಗೆ ಹೊರಡುವಾಗ ಎಕ್ಸ್‌ರೇ, ನುಂಗಿದ ಮಾತ್ರೆಗಳ ಹೆಸರು, ಆಪರೇಷನ್ ಚೀಟಿ, ರಾಡಿನ ಕಂಪನಿಯ ಸ್ಟಿಕರ್ ಜೊತೆಗಿರಲಿ. ಕಂಪನಿ ಗೊತ್ತಿಲ್ಲದಿದ್ದರೆ ಅದನ್ನು ಹೊರತೆಗೆಯುವ ಸಾಧನ ಹುಡುಕುವುದರಲ್ಲೇ ಇನ್ನಷ್ಟು ದಿನ ಹೋಗುತ್ತದೆ.