ಬೆಟ್ಟ ಹತ್ತಿದ ಎಂಜಿನ್ ಮಳೆಯಲ್ಲಿ ಮುಗ್ಗರಿಸಿದ್ದೇಕೆ?

2011ರ ಜನವರಿಯಲ್ಲಿ ಡೆಟ್ರಾಯ್ಟ್‌ನ ವಾಹನ ಪ್ರದರ್ಶನದಲ್ಲಿ ಫೋರ್ಡ್ ಕಂಪನಿ ಜನರ ಕಣ್ಣೆದುರೇ ಒಂದು ಎಂಜಿನ್ನನ್ನು ಬಿಚ್ಚಿ ಮೇಜಿನ ಮೇಲೆ ಹರವಿತು. ಚೆನ್ನಾಗಿ ಏಟು ತಿಂದಿದ್ದ ಎಂಜಿನ್ ಅದು. ಮೊದಲು ಪ್ರಯೋಗಾಲಯದಲ್ಲಿ ಒಂದೂವರೆ ಲಕ್ಷ ಮೈಲಿ, ಅಂದರೆ ಸುಮಾರು 2.4 ಲಕ್ಷ ಕಿಲೋಮೀಟರ್ ಓಡಿದಷ್ಟು ಸವೆಯುವಂತೆ ದುಡಿಸಿದ್ದರು. ಆಮೇಲೆ ಎಫ್-150 ಪಿಕಪ್ಪಿಗೆ ಕೂರಿಸಿ ಆರೆಗಾನ್ ಕಾಡಿನಲ್ಲಿ ಮರದ ದಿಮ್ಮಿಗಳನ್ನು ಎಳೆಸಿದರು. ಫ್ಲಾರಿಡಾದ ರೇಸ್ ಟ್ರ್ಯಾಕಿನಲ್ಲಿ ಐದು ಟನ್ನಿನ ಟ್ರೇಲರ್ ಕಟ್ಟಿ, ಗಂಟೆಗೆ ಸರಾಸರಿ 130 ಕಿ.ಮೀ. ವೇಗದಲ್ಲಿ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಸುತ್ತಿಸಿದರು. ಅರಿಜೋನಾದಲ್ಲಿ ಕಡಿದಾದ ಏರು ಹತ್ತಿಸಿದರು. ಅದೂ ಸಾಲದೆಂದು ಮೆಕ್ಸಿಕೋದ ಬಾಹಾ ಮರುಭೂಮಿಯ ಸಾವಿರ ಮೈಲಿಯ ರೇಸಿಗೆ ಇಳಿಸಿದರು. ಇಷ್ಟೆಲ್ಲ ಆದ ಮೇಲೆ ಬಿಚ್ಚಿ ಅಳೆದಾಗ ಬಿಡಿಭಾಗಗಳ ಸವೆತ ಮಿತಿಯೊಳಗೇ ಇತ್ತು.

ಈ ಪ್ರದರ್ಶನಕ್ಕೆ ಕಾರಣವಿತ್ತು. ಫೋರ್ಡ್‌ನ ಎಫ್ ಸರಣಿ 1977ರಿಂದಲೂ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅದನ್ನು ಕೊಳ್ಳುವ ರೈತ, ಗುತ್ತಿಗೆದಾರ, ಬಡಗಿ ಎಲ್ಲರಿಗೂ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಮೇಲೆಯೇ ನಂಬಿಕೆ. ಅಂಥವರ ಮುಂದೆ ಆರು ಸಿಲಿಂಡರಿನ, 3.5 ಲೀಟರಿನ, ಎರಡು ಟರ್ಬೋ ಇರುವ ಪೆಟ್ರೋಲ್ ಎಂಜಿನ್ ಇಟ್ಟು ‘ಇದೂ ಅಷ್ಟೇ ಎಳೆಯುತ್ತದೆ, ಕಡಿಮೆ ಕುಡಿಯುತ್ತದೆ’ ಎಂದರೆ ಯಾರು ನಂಬುತ್ತಾರೆ? ಎಳೆಯಬಹುದು, ಆದರೆ ಎಷ್ಟು ವರ್ಷ ಎಂದು ಅವರು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ.

ಗಾಡಿ ರಸ್ತೆಗೆ ಇಳಿಯಿತು, ಮಾರಾಟ ಭರ್ಜರಿಯಾಗಿಯೇ ನಡೆಯಿತು. ಎರಡು ವರ್ಷದೊಳಗೆ ದೂರುಗಳು ಬರತೊಡಗಿದವು. ವಿಚಿತ್ರವೆಂದರೆ ದೂರು ಕೊಟ್ಟವರಲ್ಲಿ ಹೆಚ್ಚಿನವರು ದಿಮ್ಮಿ ಎಳೆಯುತ್ತಿರಲಿಲ್ಲ, ಬೆಟ್ಟ ಹತ್ತುತ್ತಿರಲಿಲ್ಲ. ಅವರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಆರಾಮವಾಗಿ ಹೋಗುತ್ತಿದ್ದರು. ಮಳೆ, ಇಲ್ಲವೇ ಸೆಕೆಯ ಹವೆ. ಮುಂದಿನ ಲಾರಿಯನ್ನು ಹಿಂದಿಕ್ಕಲೆಂದು ಆಕ್ಸಿಲರೇಟರ್ ಒತ್ತಿದೊಡನೆ ಗಾಡಿ ನಡುಗಿ, ಬಲ ಕಳೆದುಕೊಂಡು ಮಂಕಾಗುತ್ತಿತ್ತು. ಎದುರಿನಿಂದ ವಾಹನ ಬರುತ್ತಿರುವಾಗ ಹೀಗಾದರೆ ಗತಿಯೇನು? 2013ರ ಮೇ ತಿಂಗಳಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2011ರಿಂದ 2013ರವರೆಗಿನ ಮಾದರಿಗಳ ಬಗ್ಗೆ ಪ್ರಾಥಮಿಕ ತನಿಖೆ ಆರಂಭಿಸಿತು.

ಕಾರಣ ನೀರು. ಆಕಾಶದಿಂದ ನೇರವಾಗಿ ಒಳನುಗ್ಗಿದ ನೀರಲ್ಲ, ಎಂಜಿನ್ ತಾನೇ ಗಾಳಿಯಿಂದ ಹಿಂಡಿಕೊಂಡ ನೀರು.

ಟರ್ಬೋ ಮಾಡುವ ಕೆಲಸವನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಗಾಳಿ ಹಿಗ್ಗಿ ತೆಳುವಾಗುತ್ತದೆ. ಆದ್ದರಿಂದ ಅದನ್ನು ತಣಿಸಲು ಮುಂಭಾಗದ ಬಂಪರಿನ ಹಿಂದೆ ಇಂಟರ್‌ಕೂಲರ್ ಎಂಬ ಅಲ್ಯೂಮಿನಿಯಂ ಪೆಟ್ಟಿಗೆ ಇಡುತ್ತಾರೆ. ಒಳಗೆ ಎಂಜಿನ್ನಿಗೆ ಹೋಗುವ ಗಾಳಿ, ಹೊರಗೆ ರಸ್ತೆಯ ಗಾಳಿ.

ಈಗ ಲೆಕ್ಕ ನೋಡೋಣ. ಹೊರಗಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ 90 ಎಂದಿಟ್ಟುಕೊಳ್ಳಿ. ನಮ್ಮ ಮಂಗಳೂರಿನ ಮಳೆಗಾಲದ ಹವೆ ಹೆಚ್ಚುಕಡಿಮೆ ಹಾಗೆಯೇ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. ಅದು 23 ಡಿಗ್ರಿಗೆ ಇಳಿದರೆ ಇಬ್ಬನಿ ಕಟ್ಟುತ್ತದೆ. ಅದೇ ಗಾಳಿಯನ್ನು ವಾತಾವರಣದ ಒತ್ತಡದ 1.7 ಪಟ್ಟಿಗೆ ಒತ್ತಿದರೆ ನೀರಾವಿಯ ಒತ್ತಡವೂ 1.7 ಪಟ್ಟಾಗುತ್ತದೆ. ಆಗ ಇಬ್ಬನಿ ಕಟ್ಟಲು 23 ಡಿಗ್ರಿಯವರೆಗೆ ಇಳಿಯಬೇಕಿಲ್ಲ, 32 ಡಿಗ್ರಿಗೇ ಸಾಕು. ಇಂಟರ್‌ಕೂಲರಿಗೆ ಬಡಿಯುತ್ತಿರುವ ಹೊರಗಾಳಿ 25 ಡಿಗ್ರಿ. ಮಳೆ ಹನಿಯೂ ಸೇರಿದರೆ ಇನ್ನೂ ತಂಪು. ತಣ್ಣೀರು ತುಂಬಿದ ಹಿತ್ತಾಳೆ ತಂಬಿಗೆಯ ಹೊರಮೈ ಬೆವರುವಂತೆ ಇಲ್ಲಿ ಪೆಟ್ಟಿಗೆಯ ಒಳಮೈ ಬೆವರುತ್ತದೆ. ಟರ್ಬೋ ಜೋರಾಗಿ ಒತ್ತದೆ ಇದ್ದಾಗಲೂ, ಹವೆ ತೇವದಿಂದ ತುಂಬಿದ್ದರೆ, ಈ ಬೆವರು ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತಲೇ ಇರುತ್ತದೆ.

ಎಂಜಿನ್ನಿನ ಮೂಲಕ ಗಂಟೆಗೆ ನೂರು ಘನ ಮೀಟರಿಗೂ ಹೆಚ್ಚು ಗಾಳಿ ಹಾಯುತ್ತದೆ. ಅದರ ಜೊತೆ ಎರಡು ಕಿಲೋಗ್ರಾಮಿನಷ್ಟು ನೀರಾವಿಯೂ ಹೋಗುತ್ತದೆ. ಅದರಲ್ಲಿ ನೂರಕ್ಕೆ ಎರಡು ಪಾಲು ಹನಿಯಾದರೂ ಗಂಟೆಗೆ ಹಲವು ಚಮಚ ನೀರು. ಗಾಡಿ ಭಾರ ಎಳೆಯುತ್ತಿದ್ದರೆ ರಭಸದ ಗಾಳಿ ಈ ಹನಿಗಳನ್ನು ಆಗಿಂದಾಗ ಕೊಚ್ಚಿಕೊಂಡು ಹೋಗುತ್ತದೆ, ಸಿಲಿಂಡರಿನ ಬೆಂಕಿಗೆ ಅದು ಲೆಕ್ಕಕ್ಕೇ ಇಲ್ಲ. ಮೆಲ್ಲಗೆ, ಒಂದೇ ಸಮನೆ ಓಡಿಸಿದರೆ ಮಾತ್ರ ನೀರು ತಳದಲ್ಲಿ ಮಡುಗಟ್ಟುತ್ತದೆ. ಆಮೇಲೆ ಚಾಲಕ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಅಷ್ಟೂ ನೀರನ್ನು ಎಂಜಿನ್ ಒಂದೇ ಗುಟುಕಿಗೆ ನುಂಗುತ್ತದೆ. ನೀರು ಆವಿಯಾಗಲು ಅಪಾರ ಶಾಖ ಬೇಡುತ್ತದೆ. ಕಿಡಿ ಹತ್ತಿದರೂ ಉರಿ ಹಬ್ಬುವುದಿಲ್ಲ. ಉರಿಯದ ಪೆಟ್ರೋಲ್ ಹೊಗೆಕೊಳವೆಯಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡಬಾರದೆಂದು ಕಂಪ್ಯೂಟರ್ ಆ ಸಿಲಿಂಡರುಗಳಿಗೆ ಇಂಧನವನ್ನೇ ನಿಲ್ಲಿಸುತ್ತದೆ. ಚಾಲಕನಿಗೆ ಕಾಣುವುದು ಕಾಲಿನ ಕೆಳಗೆ ಬಲ ಸತ್ತುಹೋದ ಗಾಡಿ.

ದೋಷ ಇಷ್ಟೇ: ಇಂಟರ್‌ಕೂಲರ್ ತನ್ನ ಕೆಲಸವನ್ನು ಅತಿಯಾಗಿ ಚೆನ್ನಾಗಿ ಮಾಡುತ್ತಿತ್ತು. ಫೋರ್ಡ್ ಅದಕ್ಕೆ ಬಡಿಯುವ ಗಾಳಿಯನ್ನು ತಗ್ಗಿಸುವ ತಡೆಪಟ್ಟಿ ಕೂರಿಸಿ, ಕಂಪ್ಯೂಟರಿನ ಪ್ರೋಗ್ರಾಮನ್ನೂ ಬದಲಿಸಿತು. ಕೆಲವು ಮಾಲೀಕರು ಅದಕ್ಕೂ ಕಾಯದೆ ಡ್ರಿಲ್ ಹಿಡಿದು ಪೆಟ್ಟಿಗೆಯ ತಳದಲ್ಲಿ ಒಂದೂವರೆ ಮಿಲಿಮೀಟರಿನ ತೂತು ಕೊರೆದರು. ನೀರು ಸೋರಿಹೋಯಿತು, ಕಾಯಿಲೆಯೂ ವಾಸಿಯಾಯಿತು. ಕೋಟ್ಯಂತರ ಡಾಲರಿನ ವಿನ್ಯಾಸಕ್ಕೆ ಒಂದು ತೂತಿನ ಮದ್ದು!

ಈ ಪ್ರಸಂಗವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಟರ್ಬೋ ಪಿಕಪ್ ಬಾಳಿಕೆ ಬರುತ್ತದೆಯೇ ಎಂದು ಕೇಳುವಾಗ ನಾವೆಲ್ಲ ಊಹಿಸಿಕೊಳ್ಳುವುದು ಭಾರವನ್ನು, ಏರನ್ನು, ವೇಗವನ್ನು. ಆ ಪರೀಕ್ಷೆಗಳಲ್ಲಿ ಎಂಜಿನ್ ಗೆದ್ದಿತ್ತು. ಅದು ಎಡವಿದ್ದು ಸುಖದ ದಿನಗಳಲ್ಲಿ. ಮುಂದಿನ ವರ್ಷಗಳ ದೂರುಗಳಲ್ಲೂ ಬಹುಪಾಲು ಇದೇ ಜಾಡಿನವು.

ಟರ್ಬೋವನ್ನೇ ಮೊದಲು ನೋಡೋಣ, ಏಕೆಂದರೆ ಎಲ್ಲರ ಭಯ ಅದರ ಮೇಲೆಯೇ. ಈ ಎಂಜಿನ್ನಿನ ಟರ್ಬೋ ನಿಮಿಷಕ್ಕೆ 1,70,000 ಸುತ್ತಿನವರೆಗೆ ತಿರುಗಬಲ್ಲದು, ಅಂದರೆ ಸೆಕೆಂಡಿಗೆ 2,800ಕ್ಕೂ ಹೆಚ್ಚು ಸುತ್ತು. ಅಷ್ಟು ವೇಗದ ದಂಡವನ್ನು ಹಿಡಿದಿಡುವುದು ಬೇರಿಂಗ್ ಮತ್ತು ದಂಡದ ನಡುವಿನ ತೆಳ್ಳನೆಯ ಆಯಿಲ್ ಪದರ. ಓಡುವಾಗ ಈ ಏರ್ಪಾಟು ಗಟ್ಟಿ. ಅಪಾಯ ಬರುವುದು ಎಂಜಿನ್ ಆಫ್ ಮಾಡಿದ ಮೇಲೆ. ಆಯಿಲ್ ಹರಿವು ನಿಂತಿರುತ್ತದೆ, ಹೊಗೆ ಬದಿಯ ಚಕ್ರ ಮಾತ್ರ ಕಾದಿರುತ್ತದೆ. ಆ ಕಾವು ದಂಡದ ಮೂಲಕ ಬೇರಿಂಗಿಗೆ ಇಳಿದು, ನಿಂತಿದ್ದ ಆಯಿಲನ್ನು ಹುರಿದು ಕರಿ ಹೊಪ್ಪಳೆ ಮಾಡುತ್ತದೆ. ಭಾರ ಹೊತ್ತು ಬಂದ ಮೇಲೆ ನಮ್ಮ ಲಾರಿ ಚಾಲಕರು ಎಂಜಿನ್ನನ್ನು ಒಂದು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡುವುದು ಇದೇ ಕಾರಣಕ್ಕೆ. ಫೋರ್ಡ್ ಟರ್ಬೋದ ಸುತ್ತ ನೀರು ಹರಿಯುವಂತೆ ಮಾಡಿತು. ಬಿಸಿ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಗುಣದಿಂದಲೇ, ಎಂಜಿನ್ ನಿಂತ ಮೇಲೂ ಅದು ಹರಿಯುತ್ತದೆ. 1,50,000 ಮೈಲಿ ಇಲ್ಲವೇ ಹತ್ತು ವರ್ಷ ಬಾಳುವ ಗುರಿಯಿಟ್ಟು ಮಾಡಿದ ಟರ್ಬೋಗಳಿವು. ದೂರುಗಳ ರಾಶಿಯಲ್ಲಿ ಟರ್ಬೋ ಮುಖ್ಯ ಆರೋಪಿಯಾಗಲೇ ಇಲ್ಲ. ಆದರೂ ಏರು ಹತ್ತಿಸಿ ನಿಲ್ಲಿಸಿದಾಗ ಒಂದು ನಿಮಿಷ ಕಾಯುವುದಕ್ಕೆ ನನ್ನ ಮತ. ಅದಕ್ಕೆ ಖರ್ಚಾಗುವುದು ಕೆಲವೇ ಚಮಚ ಪೆಟ್ರೋಲ್.

ನಿಜವಾದ ತಲೆನೋವು ತಂದದ್ದು ಟೈಮಿಂಗ್ ಚೈನ್. ಕ್ರ್ಯಾಂಕ್ ದಂಡಕ್ಕೂ ವಾಲ್ವ್ ತೆರೆಯುವ ಕ್ಯಾಮ್ ದಂಡಗಳಿಗೂ ತಾಳ ಹೊಂದಿಸುವ ಸರಪಳಿ ಇದು. ‘ಚೈನ್ ಉದ್ದವಾಗಿದೆ’ ಎಂದು ಮೆಕ್ಯಾನಿಕ್ ಹೇಳಿದರೆ ಉಕ್ಕು ಹಿಗ್ಗಿದೆ ಎಂದರ್ಥವಲ್ಲ. ಪ್ರತಿ ಕೀಲಿನ ಪಿನ್ನು ತನ್ನ ರಂಧ್ರದಲ್ಲಿ ಚೂರು ಚೂರೇ ಸವೆದಿರುತ್ತದೆ. ನೂರು ಕೀಲಿರುವ ಸರಪಳಿಯಲ್ಲಿ ಒಂದೊಂದೂ ಮಿಲಿಮೀಟರಿನ ನೂರರಲ್ಲೊಂದು ಪಾಲು ಸವೆದರೆ ಒಟ್ಟು ಒಂದು ಮಿಲಿಮೀಟರ್ ಸಡಿಲ. ವಾಲ್ವ್‌ಗಳ ತಾಳ ತಪ್ಪುತ್ತದೆ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಗಡಗಡ ಸದ್ದು ಕೇಳಿಸುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಎಂಜಿನ್ನಿನ ಮುಂಭಾಗವನ್ನೆಲ್ಲ ಬಿಚ್ಚಿ ಮಾಡಬೇಕಾದ ಕೆಲಸವಾದ್ದರಿಂದ ಚೈನಿನ ಬೆಲೆಗಿಂತ ಕೂಲಿಯೇ ಹೆಚ್ಚು.

ಸವೆಸುವವರು ಯಾರು? ಮಸಿ ಮತ್ತು ಪೆಟ್ರೋಲ್. ಈ ಎಂಜಿನ್ನಿನಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುತ್ತಾರೆ. ಗಾಳಿಯೊಂದಿಗೆ ಬೆರೆಯಲು ಅದಕ್ಕೆ ಸಿಗುವ ಸಮಯ ಕಡಿಮೆ, ಹಾಗಾಗಿ ಸೂಕ್ಷ್ಮ ಮಸಿ ಹೆಚ್ಚು. ಪಿಸ್ಟನ್ ಉಂಗುರಗಳ ಸಂದಿಯಿಂದ ಅದು ಆಯಿಲಿಗೆ ಇಳಿದು ಚೈನಿನ ಪಿನ್ನುಗಳನ್ನು ಸಾಣೆ ಹಿಡಿಯುತ್ತದೆ. ಎಂಜಿನ್ ತಣ್ಣಗಿರುವಾಗ ಹೆಚ್ಚು ಪೆಟ್ರೋಲ್ ಸುರಿಯಬೇಕಾಗುತ್ತದೆ. ತಣ್ಣನೆಯ ಗೋಡೆಗೆ ಅಂಟಿದ ಪೆಟ್ರೋಲೂ ಕೆಳಗಿಳಿದು ಆಯಿಲನ್ನು ತೆಳುವಾಗಿಸುತ್ತದೆ. ಗಾಡಿ ಒಂದು ಗಂಟೆ ಓಡಿದರೆ ಆಯಿಲ್ ಕಾದು ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಅಂಗಡಿಗೆ ಎಂದು ಎರಡೆರಡು ಮೈಲಿ ಓಡುವ ಗಾಡಿಯಲ್ಲಿ ಅದು ಎಂದೂ ಹೋಗುವುದೇ ಇಲ್ಲ. ದಿಮ್ಮಿ ಎಳೆದ ಎಂಜಿನ್ನಿನ ಆಯಿಲ್ ಸದಾ ಬಿಸಿಯಾಗಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಡ್ಯಾಶ್‌ಬೋರ್ಡಿನ ಸೂಚಕ 10,000 ಮೈಲಿಯವರೆಗೂ ಆಯಿಲ್ ಬದಲಿಸದೆ ಓಡಿಸಲು ಬಿಡಬಹುದು. ಅನುಭವಿ ಮೆಕ್ಯಾನಿಕ್ಕುಗಳು ಹೇಳುವುದು 5,000 ಮೈಲಿ, ಅಂದರೆ 8,000 ಕಿ.ಮೀ. ಇಬ್ಬರಲ್ಲಿ ನಾನು ಮೆಕ್ಯಾನಿಕ್ಕಿನ ಪಕ್ಷ. ಗಾಡಿ ಮಾರುವವನಿಗೆ ಕಡಿಮೆ ಸರ್ವಿಸ್ ಖರ್ಚು ತೋರಿಸುವ ಆಸೆ ಇರುತ್ತದೆ, ಚೈನ್ ಬದಲಿಸುವವನಿಗೆ ಹಾಗಿಲ್ಲ.

ಇನ್ನೊಂದು ಸಾಮಾನ್ಯ ತೊಂದರೆ ಕಿವಿಗೆ ಮೊದಲು ಗೊತ್ತಾಗುತ್ತದೆ: ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಮಾಯ. ಹೊಗೆಯನ್ನು ಟರ್ಬೋಗೆ ಒಯ್ಯುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಸೊಟ್ಟಗಾಗಿ, ಅದನ್ನು ಬಿಗಿದ ಬೋಲ್ಟು ಮುರಿದಿರುತ್ತದೆ. ನಲವತ್ತು ಸೆಂಟಿಮೀಟರ್ ಉದ್ದದ ಕಬ್ಬಿಣ 700 ಡಿಗ್ರಿಯಷ್ಟು ಕಾದರೆ ಮೂರು ಮಿಲಿಮೀಟರ್ ಹಿಗ್ಗುತ್ತದೆ. ಅದು ಕುಳಿತಿರುವ ಅಲ್ಯೂಮಿನಿಯಂ ಹೆಡ್ಡಿನ ಸುತ್ತ ನೀರು ಹರಿಯುವುದರಿಂದ ಅದು ಒಂದು ಮಿಲಿಮೀಟರ್ ಹಿಗ್ಗಿದರೆ ಹೆಚ್ಚು. ಈ ಎರಡರ ಜಗ್ಗಾಟದಲ್ಲಿ ಸಿಕ್ಕಿಕೊಳ್ಳುವುದು ತುದಿಯ ಬೋಲ್ಟು. ಇದರಲ್ಲೂ ಲೆಕ್ಕಕ್ಕೆ ಬರುವುದು ಎಷ್ಟು ಸಲ ಕಾದು ಎಷ್ಟು ಸಲ ಆರಿತು ಎಂಬುದು. ಬೆಳಿಗ್ಗೆ ಹೊರಟು ಸಂಜೆ ನಿಲ್ಲುವ ಗಾಡಿಗೆ ದಿನಕ್ಕೊಂದು ಸುತ್ತು, ಊರೊಳಗೆ ಅಡ್ಡಾಡುವ ಗಾಡಿಗೆ ಆರೇಳು.

ಮುಂದಿನ ಪೀಳಿಗೆಯಲ್ಲಿ ಕೆಲವು ರೋಗ ಹೋದವು, ಕೆಲವು ಹೊಸದಾಗಿ ಬಂದವು. 2017ರ ಮಾದರಿಯಲ್ಲಿ ವಾಲ್ವ್‌ನ ಬೆನ್ನಿಗೂ ಪೆಟ್ರೋಲ್ ಸಿಂಪಡಿಸುವ ಎರಡನೆಯ ಏರ್ಪಾಟು ಬಂದು, ಅಲ್ಲಿ ಮಸಿ ಕಟ್ಟುವುದು ತಗ್ಗಿತು. ಆದರೆ ವಾಲ್ವ್ ತೆರೆಯುವ ಹೊತ್ತನ್ನು ಹಿಂದುಮುಂದು ಮಾಡುವ ಕ್ಯಾಮ್ ಫೇಸರ್ ಎಂಬ ಭಾಗ ಸದ್ದು ಮಾಡತೊಡಗಿ, 2021ರಲ್ಲಿ ಕಂಪನಿ ಅದಕ್ಕೊಂದು ವಿಶೇಷ ದುರಸ್ತಿ ಯೋಜನೆಯನ್ನೇ ತರಬೇಕಾಯಿತು. 2024ರಲ್ಲಿ ಚಿಕ್ಕ ಟರ್ಬೋ ಎಂಜಿನ್ನುಗಳಲ್ಲಿ ಗಾಳಿಯನ್ನು ಒಳಬಿಡುವ ವಾಲ್ವ್ ಮುರಿಯುತ್ತದೆಂದು ಫೋರ್ಡ್ ಸುಮಾರು 90,000 ವಾಹನಗಳನ್ನು ಹಿಂದಕ್ಕೆ ಕರೆಯಿತು. ಕಾರಣ ವಾಲ್ವ್‌ನ ಮಿಶ್ರಲೋಹ. ಅದೇ ವರ್ಷ ಬಾಳಿಕೆಗೆ ಹೆಸರಾದ ಟೊಯೊಟಾ ಕೂಡ ತನ್ನ ಟರ್ಬೋ ಎಂಜಿನ್ನಿನ ಟಂಡ್ರಾ ಪಿಕಪ್ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕರೆಸಿಕೊಂಡಿತು. ಕಾರ್ಖಾನೆಯಲ್ಲಿ ಲೋಹ ಕಡೆದಾಗ ಉಳಿದ ಚೂರು ಮುಖ್ಯ ಬೇರಿಂಗಿಗೆ ಸಿಕ್ಕಿ ಎಂಜಿನ್ ಹಿಡಿದುಕೊಳ್ಳುತ್ತಿತ್ತು.

ಎರಡರಲ್ಲೂ ಟರ್ಬೋ ನಿರಪರಾಧಿ ಎಂದು ತಳ್ಳಿಹಾಕಿದರೆ ಅರ್ಧ ಸತ್ಯವಾದೀತು. ಫೋರ್ಡ್‌ನ 3.5 ಲೀಟರ್ ಎಂಜಿನ್ ಮೊದಲ ವರ್ಷ 569 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತಿತ್ತು. ಅದೇ ಗಾಡಿಯ ಐದು ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಕೊಡುತ್ತಿದ್ದುದು 515. ಪಿಸ್ಟನ್ ಮೇಲೆ ಬೀಳುವ ಸರಾಸರಿ ಒತ್ತಡಕ್ಕೆ ಇದನ್ನು ಪರಿವರ್ತಿಸಿದರೆ ಒಂದರಲ್ಲಿ 20 ಬಾರ್, ಇನ್ನೊಂದರಲ್ಲಿ 13. ಒಂದೂವರೆ ಪಟ್ಟು ಹೆಚ್ಚು ಒತ್ತಡ ತಡೆಯುವ ಬೇರಿಂಗಿಗೆ ಕಾರ್ಖಾನೆಯ ಸಣ್ಣ ತಪ್ಪನ್ನು ನುಂಗಿಕೊಳ್ಳುವ ಅವಕಾಶ ಕಡಿಮೆ. ಹಳೆಯ ದೊಡ್ಡ ಎಂಜಿನ್ ಎಷ್ಟೋ ಅಲಕ್ಷ್ಯವನ್ನು ಸಹಿಸಿಕೊಳ್ಳುತ್ತಿತ್ತು. ಇದು ಸಹಿಸುವುದಿಲ್ಲ.

ಮೂರು ಲಕ್ಷ ಮೈಲಿ ಓಡಿಸಿದೆ ಎನ್ನುವ ಮಾಲೀಕರೂ ಇದ್ದಾರೆ, ಎಂಬತ್ತು ಸಾವಿರಕ್ಕೇ ಕೈಕೊಟ್ಟಿತು ಎನ್ನುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅವರ ಗಾಡಿಗಳ ದಿನಚರಿ ಬೇರೆ. ಹಳೆಯ ಟರ್ಬೋ ಪಿಕಪ್ ಕೊಳ್ಳುವವರು ಆ ದಿನಚರಿಯನ್ನು ಓದಲು ಕಲಿಯಬೇಕು. ಎಫ್-150ರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ, ಅದರಲ್ಲಿ ನಿಂತಲ್ಲೇ ಓಡಿದ್ದು ಎಷ್ಟು ಎಂದು ನೋಡಬಹುದು. ಪೊಲೀಸ್ ವಾಹನಗಳಿಗಾಗಿ ಫೋರ್ಡ್ ಕೊಡುವ ಲೆಕ್ಕದಲ್ಲಿ ನಿಂತಲ್ಲೇ ಓಡಿದ ಒಂದು ಗಂಟೆ 33 ಮೈಲಿ ಓಡಿದ್ದಕ್ಕೆ ಸಮ. ಒಂದು ಲಕ್ಷ ಕಿಲೋಮೀಟರ್ ಓಡಿದ ಗಾಡಿ 1,500 ಗಂಟೆ ನಿಂತಲ್ಲೇ ಓಡಿದ್ದರೆ ಆ ಎಂಜಿನ್ನಿನ ವಯಸ್ಸಿಗೆ ಇನ್ನೂ 80,000 ಕಿ.ಮೀ. ಸೇರಿಸಿಕೊಳ್ಳಬೇಕು. ಆಯಿಲ್ ಬದಲಿಸಿದ ರಸೀದಿಗಳನ್ನು ಕೇಳಿ. ಮೈಲಿಗಿಂತ ರಸೀದಿಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ. ಚೈನ್, ಫೇಸರ್, ಮ್ಯಾನಿಫೋಲ್ಡ್ ಮೂರರ ಸದ್ದೂ ಚೆನ್ನಾಗಿ ಕೇಳಿಸುವುದು ರಾತ್ರಿಯಿಡೀ ಆರಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿದಾಗ, ಅದು ಬಿಸಿಯಾಗುವ ಮೊದಲು. ಆದ್ದರಿಂದ ಗಾಡಿ ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ, ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿ ಬನ್ನಿ.